ಜೀವನದ ಸಾರ್ಥಕತೆ: ಶರಣರ ದೃಷ್ಟಿ, ಮಾದಪ್ಪನ ನಾಡಿನ ನಿದರ್ಶನ

ಮಾನವಜನ್ಮದ ಗುರಿ ಯಾವುದು ಎಂಬ ಪ್ರಶ್ನೆಗೆ ಹಲವು ಪಂಥಗಳು ಲೋಕತ್ಯಾಗದಲ್ಲಿ ಉತ್ತರ ಕಂಡವು. 12ನೆಯ ಶತಮಾನದ ಕಲ್ಯಾಣದ ಶರಣರು ಅದನ್ನು ಲೋಕದ ನಡುವೆಯೇ ಅರಸಿದರು. ಅವರ ದೃಷ್ಟಿಯಲ್ಲಿ ಅಂಗವು ಲಿಂಗದೊಡನೆ ಸಮರಸಗೊಳ್ಳುವುದೇ ಬದುಕಿನ ಪರಮಗುರಿ. ಅದಕ್ಕೆ ಸಾಧನ ಕಾಯಕ ಮತ್ತು ದಾಸೋಹ.

ಕಾಯಕ ಯಾವುದು?

ಹೊಟ್ಟೆಪಾಡಿನ ದುಡಿಮೆಯೆಲ್ಲವೂ ಕಾಯಕವಲ್ಲ. ಸತ್ಯಶುದ್ಧವಾಗಿದ್ದು, ಮೇಲುಕೀಳೆಂಬ ಭಾವವಿಲ್ಲದೆ, ಫಲವನ್ನು ಸಮಾಜಕ್ಕೆ ಸಲ್ಲಿಸಿದಾಗ ಮಾತ್ರ ಅದು ಕಾಯಕವೆನಿಸುತ್ತದೆ. ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ಹಿಂದಿರುಗಿಸಲು ಹೇಳಿದರು. ಗಳಿಕೆಯ ಪ್ರಮಾಣಕ್ಕಿಂತ ಭಾವದ ಶುದ್ಧಿ ದೊಡ್ಡದೆಂಬುದನ್ನು ಆ ತಾಯಿ ಪತಿಗೇ ಬೋಧಿಸಿದರು.

ಮಲೆಯ ನಾಡಿನಲ್ಲಿ

ಈ ತತ್ತ್ವ ಪುಸ್ತಕದಲ್ಲಷ್ಟೇ ಉಳಿಯಲಿಲ್ಲ. ಇಂದು ಹನೂರು ತಾಲ್ಲೂಕಿಗೆ ಸೇರಿರುವ ಹೂಗ್ಯಂ ಸೀಮೆಯ ಜನರಿಗೆ ಮಲೆಯ ಮಹದೇಶ್ವರರು ಮನೆಯ ಮಾದಪ್ಪನೇ ಆಗಿದ್ದಾರೆ. ಕಂಸಾಳೆ ಹಿಡಿದ ದೇವರ ಗುಡ್ಡರು ಹಾಡುವ ಮೌಖಿಕ ಮಹಾಕಾವ್ಯದಲ್ಲಿ ಮಾದಪ್ಪನು ಸುತ್ತೂರು ಮಠಕ್ಕೆ ಬಂದು ರಾಗಿ ಬೀಸುವ ಸೇವೆಯನ್ನು ಕೈಗೊಳ್ಳುತ್ತಾನೆ. ಎಪ್ಪತ್ತೇಳು ಮಲೆಯ ಒಡೆಯನೆನಿಸುವ ಮೊದಲು ಅವನು ಬೀಸುಕಲ್ಲಿನ ಮುಂದೆ ಕುಳಿತವನು. ಹೊಲದಲ್ಲಿ ರಾಗಿ ಬೆಳೆಯುವ ಒಕ್ಕಲಿಗೂ ಅದನ್ನು ಅಟ್ಟು ಬಡಿಸುವ ತಾಯಿಗೂ ಇದಕ್ಕಿಂತ ದೊಡ್ಡ ಗೌರವ ಬೇರೆ ಯಾವುದಿದೆ?

ದುಡಿಯಲಾರದವರ ಬದುಕು

ಕಾಯಕವೇ ಬದುಕಿನ ಹಾದಿಯಾದರೆ ಮುಪ್ಪಿನಿಂದಲೋ ರೋಗದಿಂದಲೋ ಕೈಸೋತವರ ಗತಿಯೇನು? ಮಕ್ಕಳು ದುಡಿಮೆಗಾಗಿ ಪಟ್ಟಣ ಸೇರಿದ ಮೇಲೆ ಊರಿನಲ್ಲಿ ಉಳಿದ ಹಿರಿಯರು ‘ನಾವಿನ್ನು ಯಾರಿಗೆ ಬೇಕು’ ಎಂದು ಕೊರಗುವುದುಂಟು. ಇದಕ್ಕೂ ಕಾವ್ಯದಲ್ಲಿ ಸಮಾಧಾನವಿದೆ. ಮಕ್ಕಳಿಲ್ಲದ ಸೋಲಿಗರ ಸಂಕಮ್ಮ ಗಂಡನ ಸಂಶಯಕ್ಕೆ ಗುರಿಯಾಗಿ ಕಾಡಿನಲ್ಲಿ ಒಬ್ಬಳೇ ನರಳುತ್ತಾಳೆ. ಆಕೆ ಆಗ ಏನನ್ನೂ ಮಾಡಲಾರಳು, ಏನನ್ನೂ ಕೊಡಲಾರಳು. ಆದರೂ ಮಾದಪ್ಪನೇ ಅವಳಿದ್ದಲ್ಲಿಗೆ ಬರುತ್ತಾನೆ. ಅವಳ ಮಕ್ಕಳಾದ ಕಾರಯ್ಯ ಬಿಲ್ಲಯ್ಯರು ಅವನ ಶಿಷ್ಯರಾಗುತ್ತಾರೆ. ಜೀವದ ಬೆಲೆ ದುಡಿಮೆಯಿಂದ ಹುಟ್ಟಿದ್ದಲ್ಲ. ದುಡಿಮೆಯು ಆ ಬೆಲೆಯನ್ನು ಅರಿಯುವ ಒಂದು ದಾರಿ ಮಾತ್ರ.

ಷಟ್‌ಸ್ಥಲದ ಕ್ರಮವೂ ಇದನ್ನೇ ತಿಳಿಸುತ್ತದೆ. ಭಕ್ತಸ್ಥಲದಿಂದ ಮೊದಲಾದ ಸಾಧನೆ ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣಸ್ಥಲಗಳಲ್ಲಿ ಮಾಗಿ ಐಕ್ಯದಲ್ಲಿ ಮುಗಿಯುತ್ತದೆ. ಹೊರಗಿನ ಕ್ರಿಯೆ ಕುಗ್ಗಿದರೂ ಒಳಗಿನ ಅರಿವು ಬೆಳೆಯಬಲ್ಲದು. ಮೊಮ್ಮಕ್ಕಳಿಗೆ ಮಾದಪ್ಪನ ಕಥೆ ಹೇಳುವ ಅಜ್ಜಿಯೂ ದಾಸೋಹವನ್ನೇ ನಡೆಸುತ್ತಿರುತ್ತಾಳೆ.

ಆದುದರಿಂದ ಸದ್ಭಕ್ತರು ಬದುಕಿನ ಅರ್ಥವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಶಕ್ತಿಯಿರುವವರು ಶುದ್ಧಮನದಿಂದ ದುಡಿದು ಹಂಚಿಕೊಳ್ಳೋಣ. ಶಕ್ತಿಗುಂದಿದವರ ಬಳಿಗೆ ನಾವೇ ಹೋಗೋಣ.