ಆಕಾಶದ ಕಾಲುವೆ, ಕೊನೆಯ ಹಳ್ಳಿ

1980ರ ಜುಲೈ 21 ನವಲಗುಂದದ ರೈತ ಮರೆಯೋ ದಿನ ಅಲ್ಲ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬಾರದ ಹೊಲಗಳ ಮೇಲೂ ಸರ್ಕಾರ ಬೆಟರ್‌ಮೆಂಟ್ ಲೆವಿ ಅನ್ನೋ ಕರ ಹಾಕಿತ್ತು. ರೈತರು ಬೀದಿಗಿಳಿದರು, ಗೋಲಿಬಾರ್ ಆಯ್ತು, ಜೀವ ಹೋಯ್ತು. 1983ರ ಚುನಾವಣೆಯಲ್ಲಿ ಆಗಿನ ಸರ್ಕಾರವೇ ಬಿದ್ದುಹೋಯ್ತು. ಆ ಬಂಡಾಯದ ಒಳಗಿದ್ದ ಪ್ರಶ್ನೆ ಸರಳ. ನೀರು ಎಲ್ಲರದ್ದು, ಬೆಲೆ ಕಟ್ಟೋದು ಸರ್ಕಾರ. ಹಾಗಾದ್ರೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಿಸೋ ಹೊಣೆ ಯಾರದ್ದು?

ಅದೇ ಪ್ರಶ್ನೆಯನ್ನ ಇವತ್ತು ಕಣ್ಣಿಗೆ ಕಾಣದ ಇನ್ನೊಂದು ಕಾಲುವೆಯ ಬಗ್ಗೆ ಕೇಳಬೇಕು ಅಂತ ನಾನು ಹೇಳ್ತೀನಿ. ಅದರ ಹೆಸರು ಸ್ಪೆಕ್ಟ್ರಮ್.

ನಿಮ್ಮ ಮೊಬೈಲು ಮತ್ತು ಊರ ಟವರು ಮಾತಾಡೋದು ರೇಡಿಯೋ ತರಂಗದ ಮೂಲಕ. ಒಂದೇ ಜಾಗದಲ್ಲಿ ಒಂದೇ ತರಂಗವನ್ನ ಇಬ್ಬರು ಮನಸ್ಸಿಗೆ ಬಂದ ಹಾಗೆ ಬಳಸಿದ್ರೆ ಎರಡೂ ಕಲಸಿಹೋಗುತ್ತವೆ. ಅದಕ್ಕೇ ಸರ್ಕಾರ ತರಂಗಗಳನ್ನ ಪಟ್ಟಿ ಪಟ್ಟಿಯಾಗಿ ಸೀಳಿ ಹಂಚುತ್ತೆ. ಈ ಅಧಿಕಾರದ ಬೇರು 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆಯಲ್ಲಿದೆ. ಎರಡೂ ಬ್ರಿಟಿಷರ ಕಾಲದವು.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ದೊಡ್ಡ ಮಾತು ಹೇಳಿತು. ಪ್ರಕರಣ ಇದ್ದದ್ದು ಕ್ರಿಕೆಟ್ ಪಂದ್ಯವನ್ನ ಟಿವಿಯಲ್ಲಿ ತೋರಿಸೋ ಹಕ್ಕಿನ ಬಗ್ಗೆ. ತೀರ್ಪು ಹೇಳಿದ್ದು ಮಾತ್ರ ದೇಶಕ್ಕೆಲ್ಲ ಅನ್ವಯಿಸೋ ತತ್ವ: ವಾಯುತರಂಗಗಳು ಸಾರ್ವಜನಿಕ ಆಸ್ತಿ. ಅಂದ್ರೆ ಅಣ್ಣಿಗೇರಿಯ ಮೆಣಸಿನಕಾಯಿ ಬೆಳೆಗಾರನೂ ಈ ಆಸ್ತಿಯ ಪಾಲುದಾರ. ಅದೇ ವರ್ಷ ಜುಲೈ 31ರಂದು ಕೋಲ್ಕತ್ತದಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸುಖ್ ರಾಮ್‌ಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಒಂದು ನಿಮಿಷದ ಮಾತಿಗೆ 16 ರೂಪಾಯಿವರೆಗೂ ಬಿಲ್ ಬರ್ತಿತ್ತು. ಬಂದ ಕರೆಗೂ ದುಡ್ಡು!

ದೇಶವನ್ನ ಸರ್ಕಲ್‌ಗಳಾಗಿ ವಿಂಗಡಿಸಿ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟರು. ಇಡೀ ಕರ್ನಾಟಕ ಒಂದೇ ಸರ್ಕಲ್. ಆದ್ರೆ ಷರತ್ತು ನೋಡಿ: ಮೂರು ವರ್ಷದಲ್ಲಿ ಅರ್ಧದಷ್ಟು ಜಿಲ್ಲಾ ಕೇಂದ್ರಗಳನ್ನ ತಲುಪಬೇಕು, ಜಿಲ್ಲಾ ಕೇಂದ್ರದ ಬದಲು ಬೇರೆ ಪಟ್ಟಣವಾದ್ರೂ ಆಗುತ್ತೆ. ಇಷ್ಟೇ! ಲೈಸೆನ್ಸ್ ಇಡೀ ರಾಜ್ಯದ್ದು, ಹೊಣೆ ಪೇಟೆಯದ್ದು. ಕಲಘಟಗಿಯ ಕಾಡಂಚಿನ ಹಳ್ಳಿಗೆ ಸಿಗ್ನಲ್ ಕೊಡದಿದ್ರೂ ಯಾವ ಷರತ್ತೂ ಮುರಿದಂತೆ ಆಗ್ತಿರಲಿಲ್ಲ.

ಹಳ್ಳಿಗೆ ಅಂತ 2002ರಲ್ಲಿ ಒಂದು ನಿಧಿ ಬಂತು, ಕಂಪನಿಗಳ ಆದಾಯದಿಂದ ಶೇ 5ರಷ್ಟು ಪಾಲು ಅದಕ್ಕೆ. ಆದ್ರೆ ಮೊದಲು ಅದನ್ನ ಸ್ಥಿರ ದೂರವಾಣಿಗೆ ಸೀಮಿತ ಮಾಡಿದ್ರು. ಮೊಬೈಲಿಗೂ ಬಳಸಬಹುದು ಅಂತ ಕಾನೂನು ತಿದ್ದಿದ್ದು 2006ರಲ್ಲಿ.

ಮುಂದಿನ ಕಥೆ ನಿಮಗೆ ಗೊತ್ತು, 2ಜಿ. 2008ರ ಜನವರಿಯಲ್ಲಿ ಇಡೀ ದೇಶದ ಲೈಸೆನ್ಸ್ ಜೊತೆ ಸ್ಪೆಕ್ಟ್ರಮ್ ಕೊಟ್ಟಿದ್ದು 1,658 ಕೋಟಿಗೆ. ಅದು 2001ರ ಬೆಲೆ! 1.76 ಲಕ್ಷ ಕೋಟಿವರೆಗೆ ನಷ್ಟ ಆಗಿರಬಹುದು ಅಂತ ಸಿಎಜಿ ಅಂದಾಜು ಮಾಡಿತು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸ್ ರದ್ದು ಮಾಡಿತು. ಕ್ರಿಮಿನಲ್ ಪ್ರಕರಣದಲ್ಲಿ 2017ರಲ್ಲಿ ವಿಶೇಷ ನ್ಯಾಯಾಲಯ ಎಲ್ಲ ಆರೋಪಿಗಳನ್ನ ಖುಲಾಸೆ ಮಾಡಿತು, ಸಿಬಿಐ ಮೇಲ್ಮನವಿಗೆ ಹೋಯಿತು.

ಇದಾದ ಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. 2012ರ ನವೆಂಬರ್ ಹರಾಜಿನಲ್ಲಿ ಇಡೀ ದೇಶದ 5 ಮೆಗಾಹರ್ಟ್ಸ್‌ಗೆ ಮೂಲಬೆಲೆ 14,000 ಕೋಟಿ. ಪರಿಣಾಮ ಏನು? ದೆಹಲಿ, ಮುಂಬೈ, ರಾಜಸ್ಥಾನ ಮತ್ತು ನಮ್ಮ ಕರ್ನಾಟಕಕ್ಕೆ ಒಂದೇ ಒಂದು ಬಿಡ್ ಬರಲಿಲ್ಲ. 2013ರ ಮಾರ್ಚ್‌ನಲ್ಲಿ ಬೆಲೆ ಇಳಿಸಿ ಮತ್ತೆ ಕರೆದ್ರು, ಆಗಲೂ ಈ ಸರ್ಕಲ್‌ಗಳ 1800 ಮೆಗಾಹರ್ಟ್ಸ್‌ಗೆ ಯಾರೂ ಬರಲಿಲ್ಲ. ಕಾಲುವೆಯಲ್ಲಿ ನೀರಿದೆ, ತೂಬು ಮಾತ್ರ ಮುಚ್ಚಿದೆ!

ಇದಕ್ಕಿಂತ ದೊಡ್ಡ ಉದಾಹರಣೆ 700 ಮೆಗಾಹರ್ಟ್ಸ್. ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ನಾನು ಇಂಜಿನಿಯರಿಂಗ್ ಓದಿದವನು, ಸರಳವಾಗಿ ಹೇಳ್ತೀನಿ. ಆವರ್ತನ ಕಡಿಮೆ ಇದ್ದಷ್ಟೂ ತರಂಗ ದೂರ ಹೋಗುತ್ತೆ, ಗೋಡೆ, ಮರ ದಾಟಿ ಒಳಗೆ ಬರುತ್ತೆ. ಆವರ್ತನ ಹೆಚ್ಚಿದ್ರೆ ಡೇಟಾ ಜಾಸ್ತಿ ಹೊರಬಹುದು, ಆದ್ರೆ ದೂರ ಹೋಗಲ್ಲ. ನವಲಗುಂದ, ಕುಂದಗೋಳದ ಎರೆಭೂಮಿ ಬಯಲಿನಲ್ಲಿ ಊರಿಗೂ ಊರಿಗೂ ಅಂತರ ಜಾಸ್ತಿ. ಕಲಘಟಗಿ ಕಡೆ ಮರ, ಗುಡ್ಡ ಅಡ್ಡ. ಎರಡಕ್ಕೂ ಕಡಿಮೆ ಆವರ್ತನದ ತರಂಗವೇ ಒಳ್ಳೇದು. ಕಡಿಮೆ ಟವರ್, ಹೆಚ್ಚು ಹಳ್ಳಿ.

ಆದ್ರೆ 2016ರಲ್ಲಿ ಈ 700ರ ಮೂಲಬೆಲೆ ಮೆಗಾಹರ್ಟ್ಸ್‌ಗೆ 11,485 ಕೋಟಿ. ಯಾರೂ ಕೊಳ್ಳಲಿಲ್ಲ. 2021ರಲ್ಲಿ 6,568 ಕೋಟಿ. ಆಗಲೂ ಇಲ್ಲ. 2022ರಲ್ಲಿ 3,927 ಕೋಟಿಗೆ ಇಳಿಸಿದ ಮೇಲೆ ಜಿಯೋ ಕೊಂಡಿತು. ನಡುವೆ ಆರು ವರ್ಷ ಹೋಯ್ತು. ಕೊರೊನಾ ಕಾಲದಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕೂತಿದ್ದೂ ಇದೇ ಆರು ವರ್ಷದೊಳಗೆ. ಸ್ಪೆಕ್ಟ್ರಮ್ ಒಂದಿದ್ರೆ ಸಾಲದು, ಟವರ್, ಕರೆಂಟ್, ಕೇಬಲ್ ಎಲ್ಲಾ ಬೇಕು, ಒಪ್ಪುತ್ತೀನಿ. ಆದ್ರೆ ನೀರನ್ನ ಕೂಡಿಟ್ಟರೆ ನಾಳೆಗೆ ಉಳಿಯುತ್ತೆ. ಬಳಸದ ತರಂಗ ನಾಳೆಗೆ ಉಳಿಯಲ್ಲ. ಇವತ್ತಿನದು ಇವತ್ತೇ ಹೋಯ್ತು.

2022ರಲ್ಲಿ ಕೇಂದ್ರ ಸರ್ಕಾರವೇ ಸಂಪರ್ಕ ಇಲ್ಲದ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ಕೊಡೋಕೆ 26,316 ಕೋಟಿಯ ಯೋಜನೆ ಮಂಜೂರು ಮಾಡಿತು. ಮೊದಲ ಕರೆ ಆಗಿ 27 ವರ್ಷದ ಮೇಲೆ! ಅಗ್ಗಕ್ಕೆ ಕೊಟ್ಟಾಗ ಹಳ್ಳಿಗೆ ಸಿಗಲಿಲ್ಲ, ದುಬಾರಿ ಮಾಡಿದಾಗಲೂ ಸಿಗಲಿಲ್ಲ. ಯಾಕಂದ್ರೆ ಜಗಳ ಯಾವಾಗಲೂ ಬೆಲೆಯದ್ದು, ತಲುಪೋದರದ್ದಲ್ಲ.

ಇವತ್ತು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತೋಕೂ, ಪಿಎಂ ಕಿಸಾನ್ ಕೆವೈಸಿ ಮಾಡೋಕೂ ನೆಟ್‌ವರ್ಕ್ ಬೇಕು. ಸಿಗ್ನಲ್ ಇಲ್ಲ ಅಂದ್ರೆ ಅಕ್ಕಿ ಚೀಲ ಹಿಡಿದು ಸಾಲಲ್ಲಿ ಕಾಯಬೇಕು. ಹಾಗಾಗಿ ಮುಂದಿನ ಹರಾಜಿನ ದಿನ ಪರದೆ ಮೇಲೆ ಲಕ್ಷ ಕೋಟಿ ಓಡಿದಾಗ ಒಂದು ಪ್ರಶ್ನೆ ಕೇಳಿ: ಯಾವ ಹೋಬಳಿಗೆ, ಎಷ್ಟು ತಿಂಗಳಲ್ಲಿ, ಕೊಡದಿದ್ರೆ ದಂಡ ಎಷ್ಟು? ನೀರಿನ ವಿಷಯದಲ್ಲಿ ಈ ಪ್ರಶ್ನೆ ಕೇಳೋದನ್ನ ನವಲಗುಂದ ನಾಡಿಗೇ ಕಲಿಸಿದೆ. ತರಂಗವೂ ನಮ್ಮದೇ ಆಸ್ತಿ ಸ್ವಾಮಿ, ಕೇಳೋಕೆ ಸಂಕೋಚ ಯಾಕೆ?