ಸೈಕಲ್ಲು ಅಗ್ಗವಾದ ಬಗೆ

ಹೊಸ ಯಂತ್ರವೊಂದು ಹುಟ್ಟಿದ ಕೂಡಲೆ ಬಡವನ ಬಾಗಿಲಿಗೆ ಬರುವುದಿಲ್ಲ. ಮೊದಲು ಸಿರಿವಂತರ ಮೋಜಾಗಿದ್ದು, ಬಹುಕಾಲದ ಮೇಲೆ ಸಾಮಾನ್ಯರ ಅನುಕೂಲವಾಗುತ್ತದೆ. ಸೈಕಲ್ಲಿನ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

1817ರಲ್ಲಿ ಜರ್ಮನಿಯ ಮಾನ್‌ಹೈಮ್ ನಗರದಲ್ಲಿ ಕಾರ್ಲ್ ಡ್ರೈಸ್ ಎಂಬಾತ ಎರಡು ಚಕ್ರದ ಮರದ ಗಾಡಿಯೊಂದನ್ನು ಓಡಿಸಿದ. ಅದಕ್ಕೆ ಪೆಡಲ್ ಇರಲಿಲ್ಲ. ಸವಾರ ನೆಲವನ್ನು ಒದೆಯುತ್ತ ಸಾಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ವೇಗ ಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಹೀಗೆ 1870ರ ದಶಕದಲ್ಲಿ ಎದೆಯೆತ್ತರದ ಮುಂಚಕ್ರದ ಸೈಕಲ್ಲು ಬಂತು. ಮುಗ್ಗರಿಸಿದರೆ ಸವಾರ ತಲೆಕೆಳಗಾಗಿ ಬೀಳುತ್ತಿದ್ದ. ಹಣವೂ ಎದೆಗಾರಿಕೆಯೂ ಇದ್ದ ತರುಣರಿಗಷ್ಟೇ ಅದು ಹೇಳಿಸಿದ್ದು.

1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ಲನ್ನು ತಂದ. ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತಿತ್ತು. ಹಲ್ಲುಚಕ್ರಗಳ ಅಳತೆಯಿಂದಲೇ ವೇಗ ಸಿಕ್ಕಿದ್ದರಿಂದ ದೊಡ್ಡ ಚಕ್ರ ಬೇಕಾಗಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ. ಇಂದಿನ ಸೈಕಲ್ಲಿನ ರೂಪ ಬಹುಮಟ್ಟಿಗೆ ಅಲ್ಲಿಗೇ ಸಿದ್ಧವಾಯಿತು.

ಆದರೆ ಬೆಲೆ? 1890ರ ದಶಕದ ಮೊದಲ ಭಾಗದಲ್ಲಿ ಅಮೆರಿಕದಲ್ಲಿ ಒಳ್ಳೆಯ ಸೈಕಲ್ಲಿಗೆ ಸುಮಾರು 100 ಡಾಲರು. ಕಾರ್ಖಾನೆಯ ಕೆಲಸಗಾರನಿಗೆ ತಿಂಗಳುಗಟ್ಟಲೆ ದುಡಿಮೆ. ಬೆಲೆ ಇಳಿಸಿದ್ದು ಹೊಸ ಶೋಧವಲ್ಲ, ಹೊಸ ತಯಾರಿಕೆಯ ಕ್ರಮ. ಕಾಯಿಸಿ ಬಡಿದು, ಆಮೇಲೆ ಕೊರೆದು ಮಾಡುತ್ತಿದ್ದ ಭಾಗಗಳನ್ನು ಶಿಕಾಗೋದ ವೆಸ್ಟರ್ನ್ ವೀಲ್ ವರ್ಕ್ಸ್ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ತಯಾರಿಸಿತು. ಕಾರ್ಖಾನೆಗಳು ಹೆಚ್ಚಿದವು, ಕೊಳ್ಳುವವರಿಗಿಂತ ಸೈಕಲ್ಲುಗಳೇ ಹೆಚ್ಚಾದವು. 1897ರಲ್ಲಿ ಪ್ರಸಿದ್ಧ ‘ಕೊಲಂಬಿಯಾ’ವೂ 75 ಡಾಲರಿಗೆ ಇಳಿಯಿತು, ಇತರರದು ಇನ್ನೂ ಅಗ್ಗ.

ನಮ್ಮ ದೇಶದಲ್ಲಿಯೂ ಇದೇ ಕ್ರಮ. ಮೊದಲು ಸೈಕಲ್ಲು ವಿಲಾಯಿತಿ ಸರಕು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಸೈಕಲ್ಸ್ ಆರಂಭವಾದವು. ಲುಧಿಯಾನದ ಸಣ್ಣ ಕಾರ್ಖಾನೆಗಳಲ್ಲಿ ಒಂದು ಪೆಡಲ್ ಮಾಡಿದರೆ ಇನ್ನೊಂದು ಸ್ಪೋಕು ಮಾಡುತ್ತಿತ್ತು, ಖರ್ಚು ತಗ್ಗಿತು. ಆಗಲೂ ಕೊಳ್ಳಲಾರದವರಿಗೆ ಊರೂರಿನ ಸೈಕಲ್ ಶಾಪುಗಳಲ್ಲಿ ಗಂಟೆಯ ಲೆಕ್ಕದ ಬಾಡಿಗೆ ಸೈಕಲ್ಲು ಇತ್ತು.

2006-07ರಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಸೈಕಲ್ಲು ನೂರು ಡಾಲರಿನ ವಸ್ತುವಾಗಿಯೇ ಉಳಿದಿದ್ದರೆ ಯಾವ ಸರಕಾರಕ್ಕೂ ಇದು ಸಾಧ್ಯವಾಗುತ್ತಿರಲಿಲ್ಲ. ಹೈಸ್ಕೂಲು ದೂರವೆಂದು ಓದು ಬಿಡಬೇಕಾಗುತ್ತಿದ್ದ ಹಳ್ಳಿಯ ಹುಡುಗಿಗೆ ದಾರಿ ತೆರೆದವರಲ್ಲಿ ಡ್ರೈಸ್, ಸ್ಟಾರ್ಲಿಯರಷ್ಟೇ ಅಲ್ಲ, ತಗಡು ಒತ್ತಿದ, ಸ್ಪೋಕು ಎಳೆದ ಹೆಸರಿಲ್ಲದ ಕೆಲಸಗಾರರೂ ಇದ್ದಾರೆ.