ಸುದ್ದಿಗೂ ಒಂದು ಸನದು ಬೇಕು

2022ರ ಜೂನ್ 28ರ ಬೆಳಿಗ್ಗೆ ಕಲ್ಲುಗುಂಡಿ, ಸಂಪಾಜೆ, ಸುಳ್ಯದ ಸುತ್ತಮುತ್ತ ಭೂಮಿ ನಡುಗಿತು. ತೀವ್ರತೆ 3.0, ಕೇಂದ್ರ ಕೊಡಗಿನ ಚೆಂಬು ಗ್ರಾಮದ ಬಳಿ. ಕಪಾಟಿನ ಪಾತ್ರೆಗಳು ಅಲುಗಿದ್ದು ಕೆಲವೇ ಕ್ಷಣ. ಮೊಬೈಲುಗಳು ಮಾತ್ರ ಆಮೇಲೂ ಬಹಳ ದಿನ ನಡುಗುತ್ತಿದ್ದವು ಎಂದು ಕಲ್ಲುಗುಂಡಿಯ ಹೈಸ್ಕೂಲ್ ಹುಡುಗನೊಬ್ಬ ನನಗೆ ಹೇಳಿದ. 'ಇವತ್ತು ರಾತ್ರಿ ಇದಕ್ಕಿಂತ ದೊಡ್ಡದು ಬರುತ್ತದಂತೆ' ಎಂಬ ಸಂದೇಶ ನಂಬಿ ಅವನ ಮನೆಯವರೆಲ್ಲ ಸುರಿಯುವ ಮಳೆಯಲ್ಲಿ ಜಗಲಿಯಲ್ಲೇ ಕುಳಿತು ಬೆಳಗು ಮಾಡಿದ್ದರಂತೆ.

ಭೂಕಂಪ ಇಂಥ ದಿನ, ಇಂಥ ಗಂಟೆಗೆ ಬರುತ್ತದೆಂದು ಮುಂಚಿತವಾಗಿ ಹೇಳುವ ವಿದ್ಯೆ ಜಗತ್ತಿನ ಯಾವ ವಿಜ್ಞಾನಿಗೂ ಇನ್ನೂ ಸಿದ್ಧಿಸಿಲ್ಲ. ಇಷ್ಟು ಗೊತ್ತಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು. ಆದರೆ 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಕುಸಿದದ್ದನ್ನು ಹತ್ತಿರದಿಂದ ಕಂಡವರನ್ನು ಹೆದರುಪುಕ್ಕಲರೆಂದು ನಗುವಂತಿಲ್ಲ. ಭಯ ಇರುವಲ್ಲಿ ಸುದ್ದಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ.

ನಾನು ಆ ಶಾಲೆಗೆ ಹೋದದ್ದು ಸಮಾಜ ಪಾಠದ ಮೇಷ್ಟ್ರಾದ ನನ್ನ ಗೆಳೆಯರ ಕರೆಯ ಮೇರೆಗೆ. 1837ರ ಅಮರಸುಳ್ಯ ದಂಗೆಯ ಕುರಿತು ಅವರು ಮಕ್ಕಳಿಂದ ಪ್ರಬಂಧ ಬರೆಸಿದ್ದರು. ಎಲ್ಲ ಪ್ರಬಂಧಗಳೂ ಹೆಚ್ಚು ಕಡಿಮೆ ಒಂದೇ ಇದ್ದವು. ಕಾಗುಣಿತದ ತಪ್ಪುಗಳೂ ಒಂದೇ! ಕೇಳಿದರೆ, "ಸಾರ್, ಇಂಟರ್ನೆಟ್ಟಿನಲ್ಲಿ ಹತ್ತು ಕಡೆ ನೋಡಿದೆವು, ಹತ್ತರಲ್ಲೂ ಹೀಗೇ ಇದೆ" ಎಂದರು. ಒಬ್ಬನ ಮಾತನ್ನು ಹತ್ತು ಮಂದಿ ನಕಲು ಮಾಡಿದರೆ ಸಾಕ್ಷಿಗಳು ಹತ್ತಾಗುವುದಿಲ್ಲ, ಒಂದಾಗಿಯೇ ಉಳಿಯುತ್ತದೆ. ನಮ್ಮ ಪಾಠ ಅಲ್ಲಿಂದ ಶುರುವಾಯಿತು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಕೊಡಗಿಗೆ ಸೇರಿದ್ದ ಅಮರಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆದ ಬೆಳೆಯಲ್ಲೇ ಕಂದಾಯ ಕೊಡುತ್ತಿದ್ದ ರೈತ ಈಗ ನಗದು ಹಣ ತರಬೇಕಾಯಿತು. ಕಾಡಿನ ನಡುವಿನ ರೈತನಿಗೆ ನಗದು ಎಲ್ಲಿಂದ ಬರಬೇಕು? ಈ ಸಂಕಟದ ನಡುವೆ, ಹಾಲೇರಿ ರಾಜವಂಶದ ಕಲ್ಯಾಣಸ್ವಾಮಿ ಬಂದಿದ್ದಾನೆ ಎಂಬ ಸುದ್ದಿ ಹಬ್ಬಿತು. ಕಲ್ಯಾಣಸ್ವಾಮಿ ಎನಿಸಿಕೊಂಡವನು ಆಗಲೇ ಬ್ರಿಟಿಷರ ಸೆರೆಯಲ್ಲಿದ್ದ. ಜನರ ಮುಂದೆ ಆ ಹೆಸರಿನಲ್ಲಿ ನಿಂತವನು ಪುಟ್ಟಬಸಪ್ಪ. ದಂಗೆಯೆದ್ದವರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರು ಹೊಕ್ಕರು. ಕೊನೆಗೆ ಪುಟ್ಟಬಸಪ್ಪನನ್ನು ಮಂಗಳೂರಿನಲ್ಲಿಯೂ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿಯೂ ಗಲ್ಲಿಗೇರಿಸಲಾಯಿತು.

"ಹಾಗಾದರೆ ಅವರೆಲ್ಲ ಸುಳ್ಳು ಸುದ್ದಿ ನಂಬಿ ಸತ್ತರಾ ಸಾರ್?" ಎಂದು ಒಬ್ಬಳು ಕೇಳಿದಳು. ಹೆಸರು ಸುಳ್ಳಾಗಿತ್ತು, ಕಂದಾಯದ ಹೊರೆ ಸುಳ್ಳಾಗಿರಲಿಲ್ಲ. ಒಂದು ಸುದ್ದಿಯೊಳಗೆ ನಿಜ ಯಾವುದು, ಅಲ್ಲವಾದದ್ದು ಯಾವುದು ಎಂದು ಬೇರ್ಪಡಿಸುವುದೇ ಇತಿಹಾಸದ ಕೆಲಸ.

ಇದನ್ನು ನಮಗೆ ಹೇಳಿದವರು ಯಾರು? ಪಾದ್ರಿ ಹರ್ಮನ್ ಮೋಗ್ಲಿಂಗ್ ಕೊಡಗಿನ ಕುರಿತ ತನ್ನ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದ್ದು 1855ರಲ್ಲಿ, ಘಟನೆಯ 18 ವರ್ಷಗಳ ಬಳಿಕ. ಜೆ. ಸ್ಟರಾಕ್ ಸಂಪಾದಿಸಿದ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ ಬಂದದ್ದು 1894ರಲ್ಲಿ, 57 ವರ್ಷಗಳ ಬಳಿಕ. ಇಬ್ಬರೂ ಗೆದ್ದವರ ಪಾಳೆಯದವರು. ಹಾಗೆಂದು ಅವರ ಪುಸ್ತಕಗಳನ್ನು ಎಸೆಯಬೇಕಿಲ್ಲ. ದಂಗೆಕೋರರು ಮಂಗಳೂರಿನ ಕಚೇರಿಗಳನ್ನು ಸುಟ್ಟು ಸೆರೆಮನೆ ತೆರೆದರೆಂದು ಕೈಪಿಡಿ ಹೇಳುತ್ತದೆ. ತನ್ನ ಸರ್ಕಾರಕ್ಕೆ ಮುಜುಗರ ತರುವುದನ್ನು ಒಬ್ಬ ಅಧಿಕಾರಿ ಕಟ್ಟಿ ಬರೆಯಲಾರ; ಆ ಮಾತನ್ನು ನಂಬಬಹುದು. ಆದರೆ ರೈತರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೆ ಅವನ ಮಾತು ಸಾಲದು. ಇನ್ನು ನಿರಂಜನರ 'ಕಲ್ಯಾಣಸ್ವಾಮಿ' ಇದೆ. ಅದು ಕಾದಂಬರಿ. ನಾನೂ ಕಥೆ ಬರೆಯುವವನು. ನನ್ನ ಪಾತ್ರದ ಬಾಯಲ್ಲಿ ನಾನಿಟ್ಟ ಮಾತನ್ನು ಯಾರಾದರೂ ಇತಿಹಾಸವೆಂದು ಉದ್ಧರಿಸಿದರೆ ತಪ್ಪು ನನ್ನದಲ್ಲ.

ಗೆದ್ದವರ ಬರಹವನ್ನು ಪ್ರಶ್ನಿಸದೆ ಒಪ್ಪಿಕೊಂಡುದರ ಬೆಲೆ ಎಷ್ಟು? ಈ ರೈತರ ಹೋರಾಟ ನಮ್ಮವರ ಬಾಯಲ್ಲೇ 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಲೂಟಿ ಎಂಬ ಹೆಸರು ಹೊತ್ತು ಬಹುಕಾಲ ಬದುಕಿತು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರ ನವೆಂಬರ್‌ನಲ್ಲಿ. ಅಂದು ವಿಚಾರಿಸದೆ ಕಳ್ಳರೆಂದೆವು. ಇಂದು ವಿಚಾರಿಸದೆ ಕಥೆಗಳನ್ನು ಸೇರಿಸುತ್ತಾ ಹೋದರೆ ಅದೂ ಅವರಿಗೆ ಗೌರವವಲ್ಲ.

ನಾವು ಕನ್ನಡದಲ್ಲಿ ವಕೀಲರ 'ಸನದು' ಎನ್ನುತ್ತೇವೆ. ಇದು ಅರಬಿಯಿಂದ ಬಂದ ಪದ. ಹದೀಸ್ ವಿದ್ವಾಂಸರಲ್ಲಿ ಸನದು ಎಂದರೆ ಒಂದು ಮಾತು ಯಾರಿಂದ ಯಾರಿಗೆ ಬಂತು ಎಂಬ ಹೆಸರುಗಳ ಸರಪಳಿ. ಆ ಸರಪಳಿಯ ಪ್ರತಿಯೊಬ್ಬನೂ ಸತ್ಯವಂತನೇ, ಅವನ ನೆನಪು ಗಟ್ಟಿಯೇ, ಹೇಳಿದವನೂ ಕೇಳಿದವನೂ ಒಂದೇ ಕಾಲದಲ್ಲಿದ್ದು ಭೇಟಿಯಾಗಿರಲು ಸಾಧ್ಯವೇ ಎಂದು ಅವರು ಪರಿಶೀಲಿಸಿದರು. ಮಾತು ಎಷ್ಟು ಚೆನ್ನಾಗಿದ್ದರೂ ನಡುವಿನ ಕೊಂಡಿ ಕಳಚಿದ್ದರೆ ಅದನ್ನು ದುರ್ಬಲವೆಂದರು. ಫಾರ್ವರ್ಡ್ ಆಗಿ ಬರುವ ಸಂದೇಶಕ್ಕೆ ಮೊದಲ ಕೊಂಡಿಯೇ ಇರುವುದಿಲ್ಲ.

ಮೇಷ್ಟ್ರು ಪ್ರಬಂಧಗಳನ್ನು ಹಿಂತಿರುಗಿಸಿದರು. ಪ್ರತಿ ವಾಕ್ಯದ ಪಕ್ಕದಲ್ಲೂ ಮೂರು ವಿಷಯ ಬರೆಯಿರಿ ಎಂದರು: ಇದನ್ನು ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತಾಯಿತು, ಹೀಗೆ ಹೇಳಿದ್ದರಿಂದ ಅವರಿಗೇನು ಲಾಭ. ಮುಂದಿನ ವಾರ ಬಂದ ಪ್ರಬಂಧಗಳು ಬಹಳ ಚಿಕ್ಕವಾಗಿದ್ದವು. ಒಂದರ ಅಂಚಿನಲ್ಲಿ, 'ಅಜ್ಜ ಹೇಳಿದ್ದು, ಅಜ್ಜನಿಗೆ ಅವರ ಅಜ್ಜ ಹೇಳಿದ್ದು' ಎಂದಿತ್ತು. ಮೇಷ್ಟ್ರು ಅದಕ್ಕೇ ಹೆಚ್ಚು ಅಂಕ ಕೊಟ್ಟರು.

ನಾಳೆ ಬರುವ ಸಂದೇಶ ಭೂಕಂಪದ್ದೇ ಆಗಿರಬೇಕಿಲ್ಲ. ಅದು ಪಕ್ಕದ ಮನೆಯವನ ಬಗ್ಗೆ, ಅವನ ಅಂಗಡಿಯ ಬಗ್ಗೆ, ಅವನು ಹೋಗುವ ಮಸೀದಿ ಅಥವಾ ದೇವಸ್ಥಾನದ ಬಗ್ಗೆ ಇರಬಹುದು. ಬೆರಳು ಮುಂದೆ ಸರಿಯುವ ಮೊದಲು, "ಇದನ್ನು ಕಣ್ಣಾರೆ ಕಂಡವರು ಯಾರು?" ಎಂದು ಕೇಳುವ ಹುಡುಗರು ಕಲ್ಲುಗುಂಡಿಯಲ್ಲಿ ಈಗ ಒಂದು ತರಗತಿಯಷ್ಟು ಇದ್ದಾರೆ.